ಅರವತ್ತನಾಲ್ಕನೇ ದನಿ

ಸತ್ಯಪ್ರಕಾಶರಷ್ಟು ಎಚ್ಚರಿಕೆಯ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕೆಳಗಿಳಿದ ಮೇಲೆ ಮತ್ತೆ ಮೇಲೆ ಹತ್ತುವವರು. ಬ್ಯಾಂಕಿನಲ್ಲಿ ಅವರದು ಕಂಪ್ಯೂಟರ್ ವಿಭಾಗ. ಸಂಜೆ ಬಾಗಿಲು ಹಾಕುವ ಮೊದಲು ಆ ದಿನದ ಕೆಲಸವನ್ನೆಲ್ಲ ಟೇಪಿಗೆ ಇಳಿಸಿ, ಟೇಪನ್ನು ಕಬ್ಬಿಣದ ಬೀರುವಿಗೆ ಸೇರಿಸಿಯೇ ಮನೆಗೆ ಬರುತ್ತಿದ್ದರು. 'ಮೊದಲು ಸೇವ್, ಆಮೇಲೆ ಕೈ ಹಾಕು' ಎನ್ನುವುದೇ ಅವರ ಗಾಯತ್ರಿ ಮಂತ್ರ. ಅಂಥವರ ಕೈಯಿಂದಲೇ ಅಂಥ ಕೆಲಸ ಆಗಬೇಕಿತ್ತೇ ಎಂದು ನನಗೆ ಇವತ್ತಿಗೂ ದೇವರ ಮೇಲೆ ಸಿಟ್ಟಿದೆ.

ಅವರು ತುಮಕೂರಿನ ಕಡೆಯವರು. ಸೂರತ್ತಿನಲ್ಲಿ ನಮ್ಮ ಪಕ್ಕದ ಮನೆ. ಅವರ ಹೆಂಡತಿ ಯಶೋದಾ ನನ್ನ ಗೆಳತಿ ಎಂದರೆ ಕಡಿಮೆಯಾಯಿತು. ದಿನಕ್ಕೊಮ್ಮೆ ಜಗಳವಾಡದಿದ್ದರೆ ನಮ್ಮಿಬ್ಬರಿಗೂ ಊಟ ಸೇರುತ್ತಿರಲಿಲ್ಲ. ಅವಳ ಗಂಟಲು ದೊಡ್ಡದು. ಅಡುಗೆಮನೆಯಿಂದ "ರೀ" ಎಂದು ಕರೆದರೆ ಮೂರು ಮನೆಯ ಗಂಡಸರು ಎದ್ದು ನಿಲ್ಲುತ್ತಿದ್ದರು.

ಆ ಮನೆಯ ಹಜಾರದಲ್ಲಿ ಒಂದು ಹಳೆಯ ಸಿಂಥಸೈಜರ್ ಇತ್ತು. ಎಂಬತ್ತರ ದಶಕದ ಜಪಾನಿನದು. ಗರ್ಬಾ ತಂಡದಲ್ಲಿ ನುಡಿಸುತ್ತಿದ್ದ ನಿತೇಶ್ ಭಾಯಿ ಹೊಸದನ್ನು ತಂದುಕೊಂಡಾಗ ಇದು ಸತ್ಯಣ್ಣನ ಪಾಲಿಗೆ ಬಂತು. ನಾವೆಲ್ಲ ಅದನ್ನು ಪೆಟ್ಟಿಗೆ ಎನ್ನುತ್ತಿದ್ದೆವು. ಹಾರ್ಮೋನಿಯಂ ಹಾಗೆ ಅದಕ್ಕೆ ತನ್ನದೇ ಒಂದು ದನಿ ಇಲ್ಲ, ದನಿಯನ್ನು ನಾವೇ ಕಟ್ಟಿಕೊಳ್ಳಬೇಕು. ಏನನ್ನು ಬದಲಿಸಬೇಕೋ ಅದರ ನಂಬರನ್ನು ಕಡಲೆಬೇಳೆಯಷ್ಟಗಲದ ಗುಂಡಿಗಳಲ್ಲಿ ಒತ್ತಿ, ಪಕ್ಕದಲ್ಲಿರುವ ಒಂದೇ ಒಂದು ಸರಿಸುವ ಕಡ್ಡಿಯನ್ನು ಮೇಲೆ ಕೆಳಗೆ ಮಾಡಬೇಕು. ಹಾಗೆ ಕಟ್ಟಿದ ಅರವತ್ತನಾಲ್ಕು ದನಿಗಳನ್ನು ಅದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಬ್ಯಾಂಕಿನಿಂದ ಬಂದ ಮೇಲೆ ಸತ್ಯಣ್ಣನಿಗೆ ಅದೇ ಸಂಧ್ಯಾವಂದನೆ.

ಎರಡು ಸಾವಿರದ ಮೂರರಲ್ಲಿ ಯಶೋದಾಳಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಹದಿನೈದು ದಿನ ಉಳಿದಿತ್ತು. ಬೇರೆಯವರಾಗಿದ್ದರೆ ಹರಕೆ ಹೊರುತ್ತಿದ್ದರು. ಇವರಿಬ್ಬರೂ ಪೆಟ್ಟಿಗೆಯ ಮುಂದೆ ಕೂತು ಅವಳ ಕೂಗನ್ನು ಅದರಲ್ಲಿ ಕಟ್ಟತೊಡಗಿದರು. ಅವಳು "ರೀ" ಎನ್ನುವಳು, ಅವರು ಒಂದು ನಂಬರು ಒತ್ತಿ ಕಡ್ಡಿ ಸರಿಸುವರು. "ಇನ್ನೂ ಸ್ವಲ್ಪ ಮೂಗಿಂದ ಬರ್ಲಿ ಕಣ್ರೀ." "ಅಯ್ಯೋ, ಇದು ನಿಮ್ಮಮ್ಮನ ಥರ ಇದೆ, ತೆಗೀರಿ ಅತ್ಲಾಗೆ." ಹದಿಮೂರನೇ ದಿನ ನಾನು ಅವರ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ. ಹಜಾರದಿಂದ ಕೂಗು ಬಂತು. "ಬಂದೆ ಇರೇ ಮಾರಾಯ್ತಿ" ಎಂದೆ. ನೋಡಿದರೆ ಯಶೋದಾ ನನ್ನ ಬೆನ್ನ ಹಿಂದೆಯೇ ನಿಂತಿದ್ದಾಳೆ, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಾಳೆ. ಆ ದನಿಯನ್ನು ಅರವತ್ತನಾಲ್ಕನೇ ಜಾಗದಲ್ಲಿ ಇಟ್ಟರು.

ಆಮೇಲೆ ಎಂಟು ವರ್ಷ ಅವಳು ಗಂಡನನ್ನು ಕರೆದದ್ದು ಆ ಪೆಟ್ಟಿಗೆಯಿಂದಲೇ. ಒಂದು ಸಲ ಒತ್ತಿದರೆ ಟೀ, ಎರಡು ಸಲ ಒತ್ತಿದರೆ ಊಟ. ಸಿಟ್ಟು ಬಂದರೆ ಅಂಗೈಯಿಂದ ಐದಾರು ಕೀಗಳನ್ನು ಒಟ್ಟಿಗೇ ಅದುಮುತ್ತಿದ್ದಳು. ಆಗ ಸತ್ಯಣ್ಣ ಪೇಪರು ಬಿಟ್ಟು ಓಡುತ್ತಿದ್ದರು.

ಆ ಮನುಷ್ಯ ನಕಲು ಇಡದೆ ಇರುತ್ತಾರೆಯೇ? ಕ್ಯಾಸೆಟ್ಟಿಗೆ ಇಳಿಸಿಟ್ಟಿದ್ದರು. ಎರಡು ಸಾವಿರದ ಆರರ ಪ್ರವಾಹದಲ್ಲಿ ತಾಪಿ ನದಿ ಅವರ ಬೀರುವಿನೊಳಗೂ ಹೊಕ್ಕಿತು. ಅಟ್ಟಕ್ಕೇರಿಸಿದ್ದರಿಂದ ಪೆಟ್ಟಿಗೆ ಉಳಿಯಿತು, ಕ್ಯಾಸೆಟ್ ಉಳಿಯಲಿಲ್ಲ. ಮತ್ತೊಮ್ಮೆ ಇಳಿಸೋಣವೆಂದರೆ ಕ್ಯಾಸೆಟ್ಟಿಗೆ ಇಳಿಸಲು ವೈರು ಸಿಕ್ಕಿಸುವ ಪೆಟ್ಟಿಗೆಯ ತೂತೇ ತುಕ್ಕು ಹಿಡಿದಿತ್ತು. ಫೋನಿನಲ್ಲಿ ಹಿಡಿದಿಡಬಹುದಿತ್ತಲ್ಲ ಎಂದು ನನ್ನನ್ನು ಕೇಳಬೇಡಿ. ಮನೆಯಲ್ಲೇ ಇರುವ ದನಿಯನ್ನು ಯಾರು ಹಿಡಿದಿಡುತ್ತಾರೆ? ಅವರ ಮದುವೆಯ ಕ್ಯಾಸೆಟ್ಟಿನಲ್ಲೂ ವಾಲಗದ ಗದ್ದಲ ಬಿಟ್ಟರೆ ಏನೂ ಇರಲಿಲ್ಲ.

ಸತ್ಯಣ್ಣನಿಗೆ ವಡೋದರಾಕ್ಕೆ ವರ್ಗವಾಗಿದ್ದಾಗ ಯಶೋದಾ ತೀರಿಹೋದಳು. ನಿವೃತ್ತಿಯಾದ ಮೇಲೆ ಸತ್ಯಣ್ಣ ಅಹಮದಾಬಾದಿಗೆ ಬಂದು, ಅಷ್ಟರಲ್ಲಿ ನಾವೂ ಬಂದು ಸೇರಿದ್ದ ಅಲ್ಲಿನ ಬೋಪಾಲ್ ಬಡಾವಣೆಯ ಕಟ್ಟಡದಲ್ಲೇ ಫ್ಲಾಟ್ ಮಾಡಿದರು. ಮಧ್ಯಾಹ್ನ ನಾಲ್ಕಕ್ಕೆ ಒಂದು ಸಲ ಆ ಕೀ ಒತ್ತುತ್ತಿದ್ದರು, ಆಮೇಲೆ ಎದ್ದು ಹೋಗಿ ಟೀ ಮಾಡಿಕೊಳ್ಳುತ್ತಿದ್ದರು. ಮೇಲಿನ ಮಹಡಿಯಲ್ಲಿರುವ ನನಗೂ ಅದು ಕೇಳುತ್ತಿತ್ತು. ನಾನೂ ಟೀಗೆ ನೀರಿಡುತ್ತಿದ್ದೆ. ಇನ್ನು ಯಶೋದಾ ಎಂದು ಈ ಲೋಕದಲ್ಲಿ ಉಳಿದಿದ್ದದ್ದು ಅದೊಂದೇ.

ಎರಡು ವರ್ಷದ ಹಿಂದೆ ಅವರ ಕೈ ನಡುಗತೊಡಗಿತು, ಪಾರ್ಕಿನ್ಸನ್. ಅದೇ ಹೊತ್ತಿಗೆ ಪೆಟ್ಟಿಗೆಗೂ ಮುಪ್ಪು ಬಂದು ದನಿ ಸ್ವಲ್ಪ ಮಂಕಾಯಿತು. "ಅವಳಿಗೆ ನೆಗಡಿ ಆದಂಗಿದೆ ಹೇಮಕ್ಕ, ಒಂಚೂರು ಸರಿ ಮಾಡ್ಬೇಕು" ಎನ್ನುತ್ತಿದ್ದರು. ಆದರೆ ನಡುಗುವ ಬೆರಳಿಗೆ ಆ ಪುಟ್ಟ ಗುಂಡಿಗಳು ಸಿಕ್ಕುವುದೆಲ್ಲಿ? ಹದಿನಾರು ಒತ್ತಲು ಹೋದರೆ ಹತ್ತೊಂಬತ್ತು ಬೀಳುತ್ತಿತ್ತು.

ಅವರ ಮಗಳು ಮನಸ್ವಿನಿ ವಡೋದರಾದ ಅಲ್ಕಾಪುರಿಯಲ್ಲಿ ಕೆಲಸಕ್ಕಿದ್ದಾಳೆ. ಹೋದ ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ರಜೆಗೆ ಬರುವಾಗ ಅವಳೊಂದು ಮಿಡಿ ಕಂಟ್ರೋಲರ್ ತಂದಳು. ಗೇಣಗಲದ ಹಲಗೆ, ಅದರ ಮೇಲೆ ದಪ್ಪ ದಪ್ಪ ಹದಿನಾರು ತಿರುಗುಗುಂಡಿ. ಯಾವ ಗುಂಡಿ ತಿರುಗಿಸಿದರೆ ಪೆಟ್ಟಿಗೆಯಲ್ಲಿ ಏನು ಬದಲಾಗಬೇಕು ಎಂದು ತಿಂಗಳುಗಟ್ಟಲೆ ಕೂತು ಅವಳೇ ಪ್ರೋಗ್ರಾಂ ಮಾಡಿದ್ದಳು. "ಪಪ್ಪಾ, ಇನ್ನು ನಂಬರ್ ಒತ್ತೋದು ಬೇಡ. ಇದನ್ನ ಗೋಲ್ ತಿರುಗಿಸು, ಬಸ್." ಅವಳ ಕನ್ನಡ ಅಷ್ಟೇ. ಪ್ರೀತಿಗೆ ಅಷ್ಟು ಸಾಕು.

ಊರೆಲ್ಲ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಿತ್ತು. ನಾವು ಮೂವರು ಹಜಾರದಲ್ಲಿದ್ದೆವು. ಮನಸ್ವಿನಿ ಪೆಟ್ಟಿಗೆಯಲ್ಲಿ ಅರವತ್ತನಾಲ್ಕನೇ ದನಿ ತೆಗೆದಿಟ್ಟು, ವೈರು ಸಿಕ್ಕಿಸಿ ಹಲಗೆಗೆ ಕರೆಂಟು ಕೊಟ್ಟಳು. ದೀಪಗಳು ಹತ್ತಿದವು. "ತಿರುಗಿಸು ಪಪ್ಪಾ."

"ತಡಿ ಪುಟ್ಟಾ. ಮೊದಲು ಸೇವ್."

ಪೆಟ್ಟಿಗೆಯ ಹಿಂದೆ, ದನಿಗಳು ಅಪ್ಪಿತಪ್ಪಿ ಅಳಿಸಿಹೋಗದಂತೆ ಕಾಯುವ ಒಂದು ಸ್ವಿಚ್ಚಿದೆ. ಅದನ್ನು ಸರಿಸಿದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಸೇವ್ ಒತ್ತಿದರು, ಆರು ಒತ್ತಿದರು, ನಾಲ್ಕು ಒತ್ತಿದರು. ಒಂದು ಗುಂಡಿಯೂ ತಪ್ಪಲಿಲ್ಲ. ನಾನು ಭೇಷ್ ಎಂದೆ. ಆಮೇಲೆ ಕೀ ಒತ್ತಿದರು.

ಕುಕ್ಕರ್ ಕೂಗುವ ಮೊದಲು ಸುಂಯ್ ಎನ್ನುತ್ತದಲ್ಲ, ಅಂಥದೊಂದು ಸದ್ದು ಬಂತು.

ನಡೆದದ್ದು ಇಷ್ಟು. ಕರೆಂಟು ಕೊಟ್ಟ ಗಳಿಗೆಯಲ್ಲೇ ಆ ಹಲಗೆ ತನ್ನ ಹದಿನಾರು ಗುಂಡಿಗಳು ಎಲ್ಲೆಲ್ಲಿವೆಯೋ ಅದನ್ನು ಪೆಟ್ಟಿಗೆಗೆ ಕಳಿಸಿಬಿಡುತ್ತದೆ. ಎಲ್ಲವೂ ಸೊನ್ನೆಯಲ್ಲಿದ್ದವು. ಯಾರೂ ಕೀ ಮುಟ್ಟಿರಲಿಲ್ಲವಾದ್ದರಿಂದ ಯಶೋದಾಳ ದನಿಯ ಮೇಲೆ ಸೊನ್ನೆ ಕೂತದ್ದು ಯಾರಿಗೂ ಕೇಳಿಸಲಿಲ್ಲ. ಆಗ ಪೆಟ್ಟಿಗೆ ಆರಿಸಿ ಹಾಕಿದ್ದರೆ ಹಳೆಯ ದನಿ ಹಾಗೇ ಬರುತ್ತಿತ್ತು. ಸತ್ಯಣ್ಣ ಮೂವತ್ತು ವರ್ಷದ ಅಭ್ಯಾಸದಂತೆ ಆ ಸೊನ್ನೆಗಳನ್ನೇ ಭದ್ರ ಮಾಡಿಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಿತು.

"ಪಪ್ಪಾ, ಮೈನೆ ಕ್ಯಾ ಕಿಯಾ?", ನಾನೇನು ಮಾಡಿಬಿಟ್ಟೆ, ಎಂದು ಮನಸ್ವಿನಿ ನೆಲಕ್ಕೆ ಕುಸಿದಳು. "ನೀನಲ್ಲ ಪುಟ್ಟಾ. ಒತ್ತಿದ್ದು ನಾನು" ಎಂದರು ಅವರು. ಅದನ್ನೇ ಹತ್ತು ಸಲ ಹೇಳಿದರು.

ಮತ್ತೆ ಕಟ್ಟಲು ಶುರುಮಾಡಿದರು. ಅವರು ದಿನವಿಡೀ ಆ ಗುಂಡಿಗಳನ್ನು ತಿರುಗಿಸುವುದು, ಕೈ ನಡುಗಿ ದನಿಯೂ ನಡುಗುವುದು. ಪ್ರತಿ ಶನಿವಾರ ಮಗಳು ರೈಲು ಹತ್ತಿ ಬಂದು "ಇದಾ ಪಪ್ಪಾ? ಇದಾ?" ಎನ್ನುವುದು. ನಾನು ಸೊಪ್ಪು ಬಿಡಿಸುತ್ತ ಕೂತು "ಅಲ್ಲ" ಎನ್ನುವುದು. ನೂರಾರು ದನಿ ಬಂದವು, ಅವುಗಳಲ್ಲಿ ಯಶೋದಾ ಇರಲಿಲ್ಲ. ಕೊನೆಗೆ ನನಗೇ ತಡೆಯಲಾಗದೆ ಕೆಳಗೆ ಹೋಗುವುದನ್ನು ಬಿಟ್ಟೆ. ಅದು ನಾನು ಮಾಡಿದ ಮೊದಲ ತಪ್ಪು.

ಫೆಬ್ರವರಿಯ ಕೊನೆಯ ಭಾನುವಾರ ಮನಸ್ವಿನಿ ನನ್ನ ಬಾಗಿಲಿಗೆ ಓಡಿಬಂದಳು. "ಆಂಟೀ, ಸಿಕ್ತು! ಪಪ್ಪಾ ಇದೇ ಅಂದ್ರು!" ಅಳುತ್ತಿದ್ದಳು, ನಗುತ್ತಿದ್ದಳು. ಹೋಗಿ ಕೇಳಿದೆ. ಯಾರೋ ಸಾಧುವಾದ ಹೆಂಗಸಿನ ದನಿ. ಯಶೋದಾ ಯಾವತ್ತು ಸಾಧುವಾಗಿದ್ದಳು? ಆದರೂ ನಾನು ಸುಮ್ಮನೆ ತಲೆಯಾಡಿಸಿದೆ. ಮಗಳ ಎದೆಯ ಭಾರ ಇಳಿಸಲು ಈ ಮನುಷ್ಯ ಎಂಥ ಸುಳ್ಳು ಹೇಳಿದರಲ್ಲ ಎಂದು ನನ್ನ ಕಣ್ಣು ತುಂಬಿತು.

ಮರುದಿನ ಮಗಳು ಹೋದ ಮೇಲೆ ಉಪ್ಪಿಟ್ಟು ತೆಗೆದುಕೊಂಡು ಕೆಳಗೆ ಹೋದೆ. ಹೊಟ್ಟೆಯಲ್ಲಿದ್ದದ್ದನ್ನು ಹೇಳದಿದ್ದರೆ ನನಗೆ ಆಗುವುದಿಲ್ಲ. "ಸತ್ಯಣ್ಣ, ನೀವು ದೊಡ್ಡೋರು ಕಣ್ರೀ. ಅದು ಯಶೋದಾ ಅಲ್ಲ ಅಂತ ಗೊತ್ತಿದ್ದೂ ಮಗಳಿಗೋಸ್ಕರ ಇದೇ ಅಂದ್ರಲ್ಲ."

ಅವರು ಚಮಚ ಕೆಳಗಿಟ್ಟರು. ನನ್ನ ಮುಖವನ್ನೇ ನೋಡಿದರು.

"ಅಲ್ವಾ?" ಎಂದರು.

ನಾನು ಉಪ್ಪಿಟ್ಟಿನ ಡಬ್ಬಿಗೆ ಮುಚ್ಚಳ ಹಾಕತೊಡಗಿದೆ.

"ನಾನು ಸುಳ್ಳು ಹೇಳ್ಲಿಲ್ಲ ಹೇಮಕ್ಕ. ಅಷ್ಟೊಂದು ದನಿ ಕೇಳಿ ಕೇಳಿ, ಅವಳದ್ದು ಯಾವುದು ಅಂತ ನಂಗೆ ಹತ್ತು ದಿನದಿಂದ ಗೊತ್ತಾಗ್ತಿರ್ಲಿಲ್ಲ. ನಿನ್ನೆ ಇದು ಬಂದಾಗ ಇದೇ ಅನ್ನಿಸ್ತು. ನಿನ್ನೆ ಚೆನ್ನಾಗಿ ನಿದ್ದೆ ಬಂತು."

ನಾಲಿಗೆ ಕತ್ತರಿಸಿಕೊಳ್ಳಬೇಕು ಎನ್ನಿಸಿತು. ನನಗೇ ಸರಿಯಾಗಿ ಕೇಳಿಸಿರಲಿಲ್ಲವೇನೋ ಎಂದು ತಡವರಿಸಿದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.

"ನಿಮಗೆ ನೆನಪಿದೆ ಅಂದಂಗಾಯ್ತು. ಹೆಂಗೆ ಕರೀತಿದ್ಲು, ಒಂದೇ ಒಂದ್ ಸಲ ಕರೆದು ತೋರ್ಸಿ."

ನಾನು ಬಾಯಿ ತೆರೆದೆ. "ರೀ" ಎಂದೆ. ಬಂದದ್ದು ನನ್ನ ಒಡಕು ಗಂಟಲು. ಮತ್ತೊಮ್ಮೆ ಅಂದೆ, ಇನ್ನೂ ಮೂಗಿನಿಂದ. ಅವರು ಕಣ್ಣು ಮುಚ್ಚಿ, ನಡುಗುವ ಕೈಯನ್ನು ತೊಡೆಯ ಮೇಲೆ ಅದುಮಿಕೊಂಡು ಕಾಯುತ್ತಿದ್ದರು.