ಮ್ಯಾಕಿನಲ್ಲಿ ಬಿಚ್ಚಿಕೊಂಡ ನಮ್ಮ ಮದುವೆ

ಸೀಡಿಯ ಡಬ್ಬಿ ತೆರೆದಾಗ ಮೊದಲು ಬಂದದ್ದು ವಿಭೂತಿಯ ವಾಸನೆ. ಇದರಲ್ಲಿ ವಿಶೇಷವೇನಿಲ್ಲ. ನಮ್ಮ ಮನೆಯಲ್ಲಿ ಬೆಲೆಯುಳ್ಳದ್ದೆಲ್ಲ ದೇವರ ಜಗಲಿಯ ಮೇಲೆಯೇ ಇರುತ್ತದೆ: ಮನೆಯ ಪತ್ರ, ಗ್ಯಾಸಿನ ಪುಸ್ತಕ, ನಮ್ಮ ಮದುವೆಯ ಸೀಡಿ. ಪ್ರತಿ ಆಯುಧಪೂಜೆಗೆ ನನ್ನ ಹೆಂಡತಿ ನೀಲಾ ಇಸ್ತ್ರಿಪೆಟ್ಟಿಗೆ, ಈಳಿಗೆಮಣೆಗಳ ಜೊತೆ ಈ ಸೀಡಿಗೂ ಮೂರು ಬೆರಳ ವಿಭೂತಿ ಎಳೆದು ಕುಂಕುಮ ಇಡುತ್ತಾಳೆ. ಪುಣ್ಯಕ್ಕೆ ಹೊಳೆಯುವ ಬದಿಗಲ್ಲ, ನಮ್ಮ ಹೆಸರು ಅಚ್ಚಾದ ಬದಿಗೆ.

ಅದನ್ನು ಕೆಳಗಿಳಿಸಲು ಕಾರಣ ಕುಷ್ಟಗಿಯ ನಮ್ಮ ಗಿರಿಜಕ್ಕ. ಅವಳ ಮಗನ ಮದುವೆ ಹತ್ತಿರ ಬಂದಿದೆ. ಬೆಳಿಗ್ಗೆ ಫೋನ್ ಮಾಡಿದ್ದಳು. "ಲಗ್ನಪತ್ರಿಕ್ಯಾಗ ಅಪ್ಪನ ಫೋಟೋ ಹಾಕಸಬೇಕೋ ತಮ್ಮಾ. ರುಮಾಲು ಸುತ್ಕೊಂಡು ನಕ್ಕಾನಲ್ಲ, ನಿನ್ನ ಲಗ್ನದಾಗ, ಅದ ಬೇಕು." ಕ್ಯಾಮೆರಾ ಕಂಡರೆ ಹುಬ್ಬು ಗಂಟಿಕ್ಕುತ್ತಿದ್ದ ಅಪ್ಪ ಜೀವಮಾನದಲ್ಲಿ ನಕ್ಕ ಫೋಟೋ ಅದೊಂದೇ. ಅಚ್ಚು ಹಾಕಿಸಿದ್ದ ಆಲ್ಬಮ್ಮು ನಮ್ಮೂರು ತಳಕಲ್ಲಿನ ಮನೆಯಲ್ಲಿ ಗೆದ್ದಲಿನ ಪಾಲಾಗಿತ್ತು. ಉಳಿದದ್ದು ಸೀಡಿ.

ಫೋನ್ ಇಡುವ ಮುಂಚೆ ಅಕ್ಕ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು. "ಹೊಸ ಸೊಸಿ ಬಾಗಲಕ್ಕ ಬರೂ ಮುಂದ ನೀಲಾ ಒಳಗ ಅಡಗಿ ಕಡೆ ಇರ್ಲಿ. ಬಾಗಲದ ಕೆಲಸ ಆಕಿಗೆ ಬ್ಯಾಡ. ನಿನಗ ಗೊತ್ತೈತೆಲ್ಲ."

ಗೊತ್ತಿತ್ತು. ನಿಮಗೂ ಹೇಳುತ್ತೇನೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಆದರೆ ಮದುಮಗಳು ಮೊದಲ ಸಲ ಮನೆ ತುಂಬುವಾಗ ಗಂಡನ ಅಕ್ಕತಂಗಿಯರು ಬಾಗಿಲು ಅಡ್ಡಗಟ್ಟಿ ನಿಲ್ಲುತ್ತಾರೆ. ಒಡಪು ಕಟ್ಟಿ, ಅಂದರೆ ಪ್ರಾಸದ ಎರಡು ಮೂರು ಸಾಲಿನೊಳಗೆ ಗಂಡನ ಹೆಸರು ಸೇರಿಸಿ, ಎಲ್ಲರೆದುರು ಹೇಳಿದರೆ ಮಾತ್ರ ದಾರಿ. ನಮ್ಮ ತಳಕಲ್ಲಿನ ಬಾಗಿಲಲ್ಲಿ, ನವಲಿಯಿಂದ ಮದುವೆಯಾಗಿ ಬಂದ ನೀಲಾ ಹೇಳಲಿಲ್ಲ. ತುಟಿ ಬಿಗಿದು ನಿಂತಳು. ಎಷ್ಟು ಕಾಡಿದರೂ ಇಲ್ಲ. ಕೊನೆಗೆ ಅಪ್ಪನೇ ಬಂದು ಒಳಗೆ ಬಿಡಿಸಿದ. ಅಂದಿನಿಂದ ಅವಳು ನಮ್ಮ ಬಳಗದಲ್ಲಿ "ಬಾಗಲದಾಗ ಬಾಯಿ ಬಿಡಲಾರದಾಕಿ". ಮದುವೆಯಾಗಲಿ, ತೊಟ್ಟಿಲಾಗಲಿ, ಹೆಂಗಸರು ಆರತಿ ಹಿಡಿದು ಬಾಗಿಲಿಗೆ ಹೋದರೆ ನೀಲಾ ತಾನಾಗಿಯೇ ಹೋಳಿಗೆಯ ಹಂಚಿನ ಮುಂದೆ ಕೂರುತ್ತಿದ್ದಳು. ಇಪ್ಪತ್ತು ವರ್ಷದ ಹತ್ತಿರ ನನ್ನನ್ನು "ಕೇಳ್ರಿಲ್ಲಿ" ಎಂದೇ ಕರೆದವಳು. ಸ್ವಭಾವವೇ ಹಾಗೆ ಎಂದುಕೊಂಡು ನಾನೂ ಸುಮ್ಮನಿದ್ದೆ.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ತೊಂಬತ್ತೇಳರ ಸುಮಾರಿಗೆ ಕೊಪ್ಪಳದಲ್ಲಿ ಕಂಪ್ಯೂಟರ್ ಕಲಿಯಲು ಹೋದವರಲ್ಲಿ ನಾನೂ ಒಬ್ಬ. ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿ, ಗರ್ಭಗುಡಿಗೆ ಹೋದಂತೆ ಒಳಗೆ ಹೋಗುತ್ತಿದ್ದೆವು. ಅಲ್ಲಿ ಕಲಿತದ್ದರಲ್ಲಿ ನನ್ನ ತಲೆಯಲ್ಲಿ ನಿಂತದ್ದು ಒಂದೇ: ಏನು ಕಂಡರೂ ಎರಡು ಸಲ ಒತ್ತು, ತೆರೆಯುತ್ತದೆ. ಈ ಒಂದೇ ವಿದ್ಯೆಯ ಮೇಲೆ ಸರ್ಕಾರಿ ನೌಕರಿಯ ಇಷ್ಟು ವರ್ಷ ತಳ್ಳಿದ್ದೇನೆ. ಹೋದ ವರ್ಷ ಮನೆಯ ಹಳೆಯ ವಿಂಡೋಸ್ ಕಂಪ್ಯೂಟರು ಸಿಡಿಲಿಗೆ ಹೋಯಿತು. ಗಂಗಾವತಿಯಲ್ಲಿ ಅಚ್ಚಿನ ಮನೆ ನಡೆಸುವ ಗೆಳೆಯ ವಿರುಪಾಕ್ಷಿ ತನ್ನ ಹಳೆಯ ಮ್ಯಾಕ್ ಕಂಪ್ಯೂಟರನ್ನು ನನಗೆ ದಾಟಿಸಿದ. "ವೈರಸ್ ಹತ್ರ ಸುಳಿಯಂಗಿಲ್ರಿ ಸರ. ಸಾಯೂತನಕ ಬರ್ತೈತಿ" ಎಂದ. ಯಾರು ಸಾಯುವ ತನಕ ಎಂದು ನಾನು ಕೇಳಲಿಲ್ಲ.

ಸೀಡಿಯನ್ನು ಮ್ಯಾಕಿನ ಪಕ್ಕದ ಸೀಳಿಗೆ ಹಿಡಿದೆ, ಸರ್ರನೆ ಒಳಗೆಳೆದುಕೊಂಡಿತು. ಒಳಗಿದ್ದದ್ದು ಒಂದೇ ಫೈಲು, ಹೆಸರಿನ ಬಾಲದಲ್ಲಿ ಎಕ್ಸಿ (.exe) ಎಂದಿತ್ತು. ಎರಡು ಸಲ ಒತ್ತಿದೆ. ವಿಂಡೋಸಿನಲ್ಲಿ ಹೀಗೆ ಒತ್ತಿದರೆ ಶಹನಾಯಿ ಮೊಳಗಿ, ಗುಲಾಬಿ ಪಕಳೆ ಉದುರಿ, ಪುಟಗಳು ತಾವಾಗಿ ಮಗುಚುತ್ತಿದ್ದವು. ಇಲ್ಲಿ ಒಂದು ಚೌಕ ಎದ್ದು, ಇದು ವಿಂಡೋಸಿನ ಪ್ರೋಗ್ರಾಂ, ನನ್ನಲ್ಲಿ ನಡೆಯುವುದಿಲ್ಲ ಎಂದಿತು. ಫೋಟೋ ಎಂದರೆ ಫೋಟೋ. ಅದಕ್ಕೂ ಜಾತಿ ಇರುತ್ತದೆಂದು ಯಾರು ಕಂಡಿದ್ದರು?

ನಾನು ಬೆವರು ಒರೆಸಿಕೊಳ್ಳುವುದನ್ನು ನೋಡಿ ನೀಲಾ ಬಂದಳು. "ಏನಾತ್ರಿ?"

"ನಮ್ಮ ಮದುವಿ ಇದರಾಗ ನಡಿಯಂಗಿಲ್ಲಂತ."

"ಹೊರಗ ಒಮ್ಮೆ ನಡದೈತಲ್ಲ, ಸಾಕು ಬಿಡ್ರಿ" ಎಂದು ಸೊಪ್ಪು ಸೋಸಲು ಕುಳಿತಳು.

ಬಿಡುವ ಆಸಾಮಿ ನಾನಲ್ಲ. ಫೈಲನ್ನು ಮ್ಯಾಕಿಗೆ ಇಳಿಸಿಕೊಂಡು ಬಾಲದ ಎಕ್ಸಿ ಅಳಿಸಿ, ಫೋಟೋಗಳಿಗೆ ಇರುವ ಬಾಲ ಅಂಟಿಸಿದೆ. ವೇಷ ಬದಲಿಸಿದರೆ ಮ್ಯಾಕಿಗೆ ಗುರುತು ಸಿಗಲಿಕ್ಕಿಲ್ಲ ಎಂಬುದು ನನ್ನ ಲೆಕ್ಕ. ಖಾತ್ರಿಯೇ ಎಂದು ಅದು ಮರ್ಯಾದೆಯಿಂದ ಕೇಳಿತು. ಖಾತ್ರಿ ಎಂದೆ. ಫೈಲು ತೆರೆಯಲು ಬರುವುದಿಲ್ಲ, ಕೆಟ್ಟಿರಬಹುದು ಎಂದಿತು. ಅಪ್ಪನ ನಗುವನ್ನು ನಾನೇ ಕೈಯಾರೆ ಕೊಂದೆನೆಂದುಕೊಂಡೆ. ಬಾಲವನ್ನು ಮೊದಲಿನಂತೆ ಮಾಡಿ ವಿರುಪಾಕ್ಷಿಗೆ ಫೋನ್ ಹಚ್ಚಿದೆ.

"ಅದನ್ನ ಓಡಸಾಕ ಹೋಗಬ್ಯಾಡ್ರಿ ಸರ, ಬಿಚ್ಚಿ ನೋಡ್ರಿ" ಎಂದ ಅವನು. "ಆವಾಗ ವಿಡಿಯೋದವ್ರು ಎಲ್ಲಾ ಸೇರಿಸಿ ಒಂದ ಗಂಟು ಕಟ್ಟತಿದ್ರು. ಗಂಟು ಬಿಚ್ಚೂ ಪ್ರೋಗ್ರಾಂ ಪುಕ್ಕಟ ಸಿಗತೈತಿ. ಬಿಚ್ಚಿದ್ರ ಬಿಚ್ಚೀತು, ಇಲ್ಲಾಂದ್ರ ನಿಮ್ಮ ನಸೀಬು."

ನಸೀಬು ಚೆನ್ನಾಗಿತ್ತು. ಆ ಪ್ರೋಗ್ರಾಮನ್ನು ಹಾಕಿಕೊಂಡು ಬಿಚ್ಚಿದ್ದೇ ತಡ, ಸಂತೆಯಲ್ಲಿ ಬಳೆಗಾರನ ಗಂಟು ಬಿಚ್ಚಿದ ಹಾಗೆ ಎಲ್ಲವೂ ಹರವಿಕೊಂಡಿತು. ಪಕಳೆಗಳು ಬೇರೆ, ಶಹನಾಯಿ ಬೇರೆ, ಫೋಟೋಗಳು ಬೇರೆ. ರುಮಾಲು ಸುತ್ತಿದ ಅಪ್ಪ ಹಲ್ಲು ತೋರಿಸಿ ನಗುತ್ತಿದ್ದ. ನಾನು ಜೋರಾಗಿ ಕೂಗಿಯೇಬಿಟ್ಟೆ. ಆಮೇಲೆ ಗಮನಿಸಿದರೆ, ವಿಂಡೋಸಿನಲ್ಲಿ ನಾವು ಎಂದೂ ನೋಡದ ಫೋಟೋಗಳೂ ಅಲ್ಲಿದ್ದವು. ವಿಡಿಯೋದವರು ಗಂಟಿಗೆ ಹಾಕಿ, ಆಲ್ಬಮ್ಮಿನಲ್ಲಿ ತೋರಿಸದೆ ಬಿಟ್ಟವು. ಫ್ಲ್ಯಾಷಿಗೆ ಕಣ್ಣು ಮುಚ್ಚಿಕೊಂಡ ಮಾವ, ಬಾಯ್ತುಂಬ ಬುಂದಿಯಿದ್ದ ನಾನು. ಕೊನೆಯಲ್ಲಿ ಒಂದು ಧ್ವನಿಯ ಫೈಲು, ಹೆಸರು 'ಬಾಗಿಲು'.

ಒತ್ತಿದೆ. ಮೊದಲು ಬ್ಯಾಂಡಿನವರ ಗದ್ದಲ. ವಿಡಿಯೋದವರ ಮೈಕು ಬಾಗಿಲ ಹತ್ತಿರವೇ ಇದ್ದಿರಬೇಕು, ಗದ್ದಲದ ಈಚೆಗೆ ಒಂದು ಹುಡುಗಿಯ ದನಿ ಸ್ವಲ್ಪ ನಡುಗುತ್ತ, ಆದರೆ ತಪ್ಪಿಲ್ಲದೆ ಬಂತು.

"ನವಲಿ ಗದ್ದಿ ಬಿಟ್ಟ ಬಂದೀನಿ, ದಾರಿ ಭಾಳ ದೂರ, ತಡಿಬ್ಯಾಡ್ರಿ ಬಾಗಲದಾಗ, ಇಳಿಸತೀನಿ ಭಾರ, ನಿಮ್ಮ ತಮ್ಮ..."

ಅಲ್ಲಿ ನನ್ನ ಹೆಸರಿತ್ತು. ಪೂರ್ತಿ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. "...ನನ್ನ ಜೀವದ ಜೋಡಿದಾರ."

ನೀಲಾ ಹೇಳಿದ್ದಳು! ಬಾಸಿಂಗ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ ನನಗೆ ಆ ಬ್ಯಾಂಡಿನಲ್ಲಿ ಕೇಳಿಸಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ದನಿ, ಮೈಕಿಗೆ ಇನ್ನೂ ಹತ್ತಿರ, ನಗು ತಡೆದುಕೊಂಡು ಪಿಸುಗುಟ್ಟಿತು. ಗಿರಿಜಕ್ಕನದು. "ಹೇಳಿದ್ಲು, ಹೇಳಿದ್ಲು. ಸುಮ್ನಿರ್ರೆವ್ವಾ, ಕೇಳಸ್ಲಿಲ್ಲ ಅನ್ನೂಣು, ಇನ್ನೊಮ್ಮೆ ಹೇಳಸೂಣು." ಆಮೇಲೆ ಗಟ್ಟಿಯಾಗಿ, "ಏನವ್ವಾ, ನಮ್ಮ ತಮ್ಮಗ ಹೆಸರ ಇಲ್ಲೇನು?" ನಗು. ಬ್ಯಾಂಡು. ಮತ್ತೆ ಅದೇ ಪ್ರಶ್ನೆ. ನೀಲಾಳ ದನಿ ಇಲ್ಲ. ಕೊನೆಗೆ ಅಪ್ಪ: "ಗಿರಿಜಾ, ಬಾಗಲಾ ಬಿಡು. ಆಕಿ ಮನಿ ಅದು."

ಅಲ್ಲಿಗೆ ಮುಗಿಯಿತು. ಅಪ್ಪನ ಮುಖ ಹುಡುಕಲು ಹೋದವನಿಗೆ ದನಿಯೂ ಸಿಕ್ಕಿತ್ತು, ಆದರೆ ಅಳಲಿಕ್ಕೂ ಆಗದಷ್ಟು ಗಾಬರಿಯಾಗಿತ್ತು. ಒಂದು ಗಳಿಗೆಯ ಚೇಷ್ಟೆ. ನೀಲಾ ಎರಡನೇ ಸಲ ಬಾಯಿ ಬಿಡದೆ ಹೋದದ್ದಕ್ಕೆ ಅದು ಅಕ್ಕನ ಸಿಟ್ಟಾಯಿತು, ಸಿಟ್ಟು ಸುದ್ದಿಯಾಯಿತು. ಈಗ ಅಕ್ಕನೇ ಅದನ್ನು ನಂಬಿದ್ದಾಳೆ.

ತಿರುಗಿ ನೋಡಿದರೆ ನೀಲಾ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಮೆಂತ್ಯದ ಕಡ್ಡಿ.

"ಅಕ್ಕಗ ಈಗ ಕಳಸತೀನಿ ಇದನ್ನ" ಎಂದೆ. "ಆಕಿಗೆ ಕೇಳಿಸಿತ್ತು ನೀಲಾ! ಕೇಳಿಸಿತ್ತು!"

"ನಂಗ ಗೊತ್ತಿತ್ರಿ. ಅಕ್ಕಾರ ಸೆರಗು ಬಾಯಿಗೆ ಹಿಡದು ನಕ್ಕದ್ದು ನೋಡಿದ್ನೆಲ್ಲ."

"ಮತ್ತ ಇನ್ನೊಮ್ಮೆ ಹೇಳಬೇಕಿಲ್ಲ? ಇಷ್ಟು ವರ್ಷ ಯಾಕ ಅನ್ನಿಸ್ಕೊಂಡಿ?"

"ಚ್ಯಾಷ್ಟಿಗೆ ಹೇಳೂ ಹೆಸರೇನ್ರಿ ಅದು?"

ಅವಳು ಪರದೆಯ ಮೇಲಿನ ಅಪ್ಪನನ್ನು ನೋಡುತ್ತ, "ಫೋಟೋ ಅಷ್ಟ ಕಳಸ್ರಿ. ಮದುವಿ ಮನಿ, ಅಕ್ಕಾರ ಮನಸ್ಸು ಕೆಡಬಾರದು" ಎಂದಳು. ಬಾಗಿಲ ತನಕ ಹೋಗಿ ನಿಂತಳು. "ಆದ್ರ ಈ ಸಲ ನಾ ಅಡಗಿ ಕಡೆ ಕುಂದ್ರಂಗಿಲ್ಲ. ಬಾಗಲದಾಗ ನಿಂದರ್ತೀನಿ. ಆ ಹುಡುಗಿ ಹೇಳತಾಳ, ಬ್ಯಾಂಡು ಬಡೀತಿರ್ತೈತಿ. ನಂಗ ಕೇಳಿಸ್ತು ಅಂತ ಗಟ್ಯಾಗಿ ಹೇಳಾಕ ಒಬ್ಬರು ಬೇಕಲ್ಲ."

ಫೋಟೋ ಕಳಿಸಿದೆ. ಅಕ್ಕ ಕೂಡಲೇ ಫೋನ್ ಮಾಡಿ, ಅಪ್ಪನನ್ನು ನೆನೆದು ಅತ್ತಳು. ಅಳು ನಿಲ್ಲುವ ತನಕ ಕಾದು ಹೇಳಿದೆ: "ಅಕ್ಕಾ, ಹೊಸ ಸೊಸಿ ಬರೂ ಮುಂದ ಬಾಗಲದಾಗ ನೀಲಾ ನಿಂದರ್ತಾಳ."