ರೇಡಿಯೊ ದನಿ ತಗ್ಗಿಸಿ

ಗೊತ್ತಿಲ್ಲದ ಬೀದಿಯಲ್ಲಿ ಯಾರದೋ ಮನೆ ಹುಡುಕುವಾಗ ನಾನು ಕಾರಿನ ರೇಡಿಯೊ ದನಿ ತಗ್ಗಿಸುತ್ತೇನೆ. ಕಣ್ಣು ಮಾಡಬೇಕಾದ ಕೆಲಸಕ್ಕೆ ಕಿವಿಯಿಂದೇನು ಅಡ್ಡಿ ಎಂದು ಯೋಚಿಸಿದ್ದೇನೆ. ನನ್ನ ಇಂದ್ರಿಯಗಳು ಒಂದನ್ನೊಂದು ನಂಬುವುದಿಲ್ಲವೆಂದು ತೋರುತ್ತದೆ. ಸಂದೇಹಪಡುವುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಲ್ಲಿ ಯಾರೂ ಕಲಿಸಲಿಲ್ಲ.

ಹೀಗೆ ತಗ್ಗಿಸಲ್ಪಡುವುದು ಯಾವಾಗಲೂ ಲಾಸ್ ಏಂಜಲೀಸಿನ ಒಂದು ಮಾತಿನ ಸ್ಟೇಷನ್. ಅರವತ್ತರ ದಶಕದ ಕೊನೆಗೆ ನಾನು ಅಲ್ಲಿ ಓದಲು ಬಂದಾಗ ಅದು ಹಾಡು ಬಿಟ್ಟು ಹರಟೆಗೆ ಕೂತಿತ್ತು. ಆಗ ಜನ ಫೋನ್ ಮಾಡಿ ಯುದ್ಧದ ಬಗ್ಗೆ ಜಗಳವಾಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಅದೇ ಜನ ಮನಶ್ಶಾಸ್ತ್ರಜ್ಞೆಯೊಬ್ಬಳ ಮುಂದೆ ಗಂಡಂದಿರನ್ನು ದೂರಿದರು. ಈಗ ಮನೆಯ ಬೆಲೆ, ತೆರಿಗೆ. ಊರಿನ ಚರಿತ್ರೆ ಬೇಕಾದವರಿಗೆ ಇಷ್ಟು ಸಾಕು. ಬದಲಾಗದೆ ಉಳಿದದ್ದು ಹಾಸಿಗೆಯ ಜಾಹೀರಾತು ಮಾತ್ರ. ಯುದ್ಧದಿಂದ ಹಾಸಿಗೆಗೆ ಒಂದೇ ಉಸಿರಿನಲ್ಲಿ ಇಳಿಯುವ ದನಿಯನ್ನು ನಾನು ಎಂದೂ ನಂಬಲಿಲ್ಲ. ಹಾಸಿಗೆಯನ್ನು ಮಾತ್ರ ಕೊಂಡೆ.

ಆ ಸ್ಟೇಷನ್ನಿನಲ್ಲಿ ಒಂದು ಪದ್ಧತಿ ಇತ್ತು. ಆಡಿದ ಮಾತನ್ನು ಕೆಲವು ಕ್ಷಣ ತಡೆದು, ಬೈಗುಳ ಸೋಸಿ, ಆಮೇಲೆ ಬಿಡುವರು. ತಡವಾಗಿ ಬರುವ ತನ್ನದೇ ದನಿ ಕೇಳಿದರೆ ಮಾತಾಡುವವನು ತೊದಲುತ್ತಾನೆ. ಆದ್ದರಿಂದ ಫೋನ್ ಮಾಡಿದವರಿಗೆ ಸ್ಟೇಷನ್ನಿನವರ ಮೊದಲ ಅಪ್ಪಣೆ, ‘ರೇಡಿಯೊ ಆಫ್ ಮಾಡಿ.’

ನನ್ನ ಜೀವನದ ಏಕೈಕ ಶೌರ್ಯ ನಡೆದದ್ದು ಅಲ್ಲೇ. ಹೊರದೇಶದವರು ಬಂದು ನಮ್ಮ ಮಕ್ಕಳ ಸೀಟು ನುಂಗುತ್ತಾರೆ ಎಂದು ಒಬ್ಬ ಗೊಣಗಿದಾಗ ನಾನು ಫೋನ್ ಮಾಡಿ, ಅವನು ಬಾಯಿ ಮುಚ್ಚುವ ಹಾಗೆ ಉತ್ತರ ಕೊಟ್ಟೆ. ಈಚೆಗೆ, ನಾವು ಈಗಿರುವ ಸ್ಯಾನ್ ಡಿಯೇಗೊದ ಶಾಲೆಯಲ್ಲಿ ಯಾರೋ ‘ನಿಮ್ಮ ದೇಶಕ್ಕೆ ಹೋಗು’ ಎಂದರೆಂದು ಮಗಳು ಅಳುತ್ತಾ ಬಂದಾಗ ಈ ಕತೆಯನ್ನೇ ಮದ್ದಾಗಿ ಕೊಟ್ಟಿದ್ದೆ. ಮದ್ದು ತಾಗಿತ್ತು. ಅಪ್ಪ ತಿರುಗಿ ಮಾತಾಡಿದವನು ಎಂಬುದನ್ನು ಹಿಡಿದುಕೊಂಡು ಅವಳು ಮತ್ತೆ ಶಾಲೆಗೆ ಹೋಗುತ್ತಿದ್ದಳು.

ಹೋದ ತಿಂಗಳು ಆ ಕಾಲದ ನನ್ನ ರೂಮಿನ ಗೆಳೆಯ, ಧಾರವಾಡದ ನಾಗರಾಜ, ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದ. ಮಗಳ ಒತ್ತಾಯಕ್ಕೆ ಕತೆ ಮತ್ತೆ ಹೇಳಿದೆ. ನನ್ನ ದನಿ ರೇಡಿಯೊದಿಂದ ಗಡುಸಾಗಿ ಹೊರಬಂದದ್ದನ್ನು ವರ್ಣಿಸುತ್ತಿದ್ದಾಗ ನಾಗರಾಜ ಸಾರಿನ ಬಟ್ಟಲು ಕೆಳಗಿಟ್ಟ.

“ಏ ತಮ್ಮಾ, ಫೋನ್ ಮಾಡಿದಾಂವ ನಾನು. ನೀ ಬಾಯಿ ತಕ್ಕೊಂಡು ರೇಡಿಯೊ ಮುಂದ ಕುಂತಿದ್ದಿ. ನನ್ನ ಮಾತು ಮುಗಿಯೂದ ತಡ, ಹಾಸಿಗಿ ಜಾಹೀರಾತು ಬಂತಲ್ಲ, ಇಬ್ಬರೂ ಬಿದ್ದು ಬಿದ್ದು ನಕ್ಕಿವಿ.”

ನನಗೂ ಆ ನಗು ನೆನಪಿತ್ತು. ಅದೇ ಕೆಟ್ಟದ್ದು.

ಹಪ್ಪಳ ತರುತ್ತಿದ್ದ ನನ್ನ ಹೆಂಡತಿ ಸರಳಾ ನಿಂತಳು. “ಮಾತಾಡೋರು ರೇಡಿಯೊ ಆಫ್ ಮಾಡ್ಬೇಕು ಅಂತ ನೀವೇ ಹೇಳ್ತೀರಿ. ನಿಮಗಿದ್ದಿದ್ದು ಒಂದೇ ರೂಮು, ಫೋನೂ ಅಲ್ಲೇ. ಮತ್ತೆ ಇಬ್ಬರೂ ಹೇಗೆ ಕೇಳಿಸ್ಕೊಂಡ್ರಿ?”

ನಾಗರಾಜ ಸಾರಿನ ಬಟ್ಟಲನ್ನು ಮತ್ತೆ ಎತ್ತಿಕೊಂಡ. ಮಗಳು ಮೆಲ್ಲಗೆ ಕೇಳಿದಳು, “ದೆನ್ ಹೂ ಕಾಲ್ಡ್?”

ಯಾರೋ. ನಮ್ಮಂಥ ಇನ್ನೊಬ್ಬ, ಇನ್ನಾವುದೋ ಬಾಡಿಗೆ ಕೋಣೆಯಲ್ಲಿ ತನ್ನ ರೇಡಿಯೊ ಆರಿಸಿ ಮಾತಾಡಿದವನು. ನಾವು ಹೇಳಬೇಕಿದ್ದುದನ್ನು ಅವನು ಅಷ್ಟು ಚೆನ್ನಾಗಿ ಹೇಳಿದ್ದರಿಂದ ಇಬ್ಬರೂ ಅದನ್ನು ತಮ್ಮದೆಂದುಕೊಂಡು ಬದುಕಿದೆವು. ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಮೊನ್ನೆ ಸಂಜೆ ಅವಳನ್ನು ಕೂರಿಸಿಕೊಂಡು ಪಕ್ಕದ ಬಡಾವಣೆ ಮೀರಾ ಮೆಸಾದಲ್ಲಿ ಅವಳ ಗೆಳತಿಯ ಮನೆ ಹುಡುಕುತ್ತಿದ್ದೆ. ದನಿ ತಗ್ಗಿಸಲು ಕೈ ಚಾಚಿದಾಗ ಅದೇ ಸ್ಟೇಷನ್ನಿನಲ್ಲಿ ಅದೇ ಗೊಣಗಾಟ ಬರುತ್ತಿತ್ತು: ಹೊರದೇಶದವರು, ಸೀಟು. ಕಾರನ್ನು ಪೆಟ್ರೋಲ್ ಬಂಕಿಗೆ ತಿರುಗಿಸಿ, ಅಲ್ಲಿನ ಫೋನಿಗೆ ಚಿಲ್ಲರೆ ಸುರಿದು ಮಾತಾಡಿದೆ. ಬಹಳ ತೊದಲಿದೆ, ಬಾಯಿ ಮುಚ್ಚಿಸುವಂಥದ್ದೇನೂ ಹೊರಡಲಿಲ್ಲ. ಹಿಂತಿರುಗಿ ಬಂದು, ಕೇಳಿಸಿತೇ ಎಂದರೆ, ಮಗಳು ಹಾಡಿನ ಸ್ಟೇಷನ್ನಿಗೆ ತಿರುಗಿಸಿಕೊಂಡು ಕೂತಿದ್ದಳು.

“ಐ ಸಾ ಯೂ ಟಾಕಿಂಗ್,” ಎಂದಳು.

ಈ ಸಲ ನನ್ನ ದನಿ ನನಗೆ ಕೇಳಿಸಲಿಲ್ಲ. ಮಾತಾಡಿದವನು ನಾನೇ ಇರಬೇಕು. ರೇಡಿಯೊ ದನಿ ತಗ್ಗಿಸಿ, ಮನೆ ಹುಡುಕತೊಡಗಿದೆ.