ಅಪ್ಪ ಬೇಯಿಸಿದ ಬಂಗುಡೆ

ಅಪ್ಪನ ಹಟ ಅಂದರೆ ಹಟ. ತನ್ನನ್ನು ಕೇಳದೆ ನಾನು ಕರಾವಳಿಯ ಹುಡುಗಿಯನ್ನು ಮದುವೆಯಾದೆ ಎಂದು, "ಅವಳ ಕೈಯಡಿಗೆ ನಾನು ತಿನ್ನಲ್ಲ" ಎಂದು ನಮ್ಮೂರು ತುರುವನೂರಿನ ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದ. ಒಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಎಪ್ಪತ್ತರ ದಶಕದ ಮಾತಿದು, ಆಗ ನಾನು ಬಬ್ಬೂರಿನಲ್ಲಿ ಗುಮಾಸ್ತ. ಒಂದು ದಿನ ಪಕ್ಕದ ಹಿರಿಯೂರಿಗೆ ಕುರಿ ವ್ಯಾಪಾರಕ್ಕೆಂದು ಬಂದವನು, ಬಿಸಿಲು ಜಾಸ್ತಿ ಎಂಬ ನೆಪ ಮಾಡಿಕೊಂಡು ನಮ್ಮ ಮನೆಗೆ ಬಂದ. ಊಟಕ್ಕೆ ರೊಟ್ಟಿ ಗಂಟು ತಂದಿದ್ದ. ಹೆಂಡತಿ ನೀರು ಕೊಟ್ಟರೆ ನನ್ನ ಕಡೆ ತಿರುಗಿ, "ನೀರು ಸಾಕು ಅಂತ ಹೇಳಪ್ಪ ಅವಳಿಗೆ" ಎಂದ. ಅವಳು ಅಲ್ಲೇ ಎದುರಿಗೆ ನಿಂತಿದ್ದಳು.

ಆ ಬೆಳಿಗ್ಗೆಯೇ ಲಾರಿ ಓಡಿಸುವ ಅವಳ ಅಣ್ಣ ಮಂಜುಗಡ್ಡೆಯಲ್ಲಿಟ್ಟ ನಾಲ್ಕು ಬಂಗುಡೆ ಮೀನು ಕೊಟ್ಟು ಹೋಗಿದ್ದ. "ಇವತ್ತು ಮಾವ ಉಣ್ಣದೆ ಹೋದರೆ ಇನ್ನು ಯಾವತ್ತೂ ಉಣ್ಣುವುದಿಲ್ಲ" ಎಂದು ಅವಳು ಅಡುಗೆಮನೆಯಲ್ಲಿ ಕಣ್ಣು ತುಂಬಿಕೊಂಡಳು.

ಅಷ್ಟರಲ್ಲಿ ಅಪ್ಪ ಒಳಗೆ ಬಂದು ಒಂದು ಮೀನಿನ ಬಾಯಿ ಅಗಲಿಸಿ ಬೆರಳಾಡಿಸಿದ. ಜೀವಮಾನವೆಲ್ಲ ಹಲ್ಲು ನೋಡಿ ಕುರಿಯ ವಯಸ್ಸು ಹೇಳಿದವನು. "ಲೇ, ಹಲ್ಲೆಲ್ಲ ಉದುರೋಗೈತೆ. ಮುದಿದು ಇದು. ಬೇಯಾಕೆ ಬಾಳ ಹೊತ್ತು ಬೇಕು" ಎಂದ.

ಅವಳು ಮೀನಿಗೆ ಖಾರ, ಹುಳಿ, ಬೆಳ್ಳುಳ್ಳಿ ಅರೆದು ಸವರಿ, ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ನಮ್ಮ ಗುಂಡು ಓವನ್ನಿನಲ್ಲಿಟ್ಟಳು. "ಬೆಂಕಿ ಎಲ್ಲೈತೆ?" ಎಂದ ಅಪ್ಪ. ಕರೆಂಟಿನಲ್ಲಿ ಬೇಯುತ್ತದೆ ಎಂದೆ. ನಂಬಲಿಲ್ಲ. ಅದರ ಪಕ್ಕದಲ್ಲೇ ನಿಂತು ಕಿಂಡಿಯಲ್ಲಿ ಇಣುಕುತ್ತಾ ಕಾವಲು ಕಾಯ್ದ. ಐದು ನಿಮಿಷಕ್ಕೆ ಕರೆಂಟು ಹೋಯಿತು.

ಅವಳು ಗೋಡೆಗೊರಗಿ ಕೂತುಬಿಟ್ಟಳು. ಅಪ್ಪನಿಗೆ ಮಾತ್ರ ಅರೆಬೆಂದ ಪದಾರ್ಥ ಕೆಡುವುದನ್ನು ನೋಡಿಕೊಂಡಿರಲು ಆಗಲಿಲ್ಲ. "ಕೆಂಡ ಐತೇನು ಕೇಳು ಅವಳನ್ನ" ಎಂದ. ನೀರೊಲೆಯಲ್ಲಿತ್ತು. ಮೀನನ್ನು ಬಾಣಲೆಗೆ ಹಾಕಿ, ತಟ್ಟೆ ಮುಚ್ಚಿ, ಕೆಳಗೂ ಕೆಂಡ, ಮೇಲೂ ಕೆಂಡ ಹರಡಿದ. ಗಾಳಿ ಹಾಕುವುದು ನನ್ನ ಕೆಲಸ. ಜೋರಾಗಿ ಬೀಸಿದರೂ ಬೈಗುಳ, ಮೆಲ್ಲಗೆ ಬೀಸಿದರೂ ಬೈಗುಳ. ಮುದಿ ಮೀನಿಗೆ ಒಂದು ತಾಸಾದರೂ ಬೇಕು ಎಂಬುದು ಅವನ ಲೆಕ್ಕ.

"ಹತ್ತು ನಿಮಿಷ ಸಾಕು ಮಾವ" ಎಂದಳು ಅವಳು ಬಾಗಿಲ ಹಿಂದಿನಿಂದ. ಅಪ್ಪ ಕೇಳಿಸದವನಂತೆ ಕೆಂಡ ಕೆದಕಿದ. ಆದರೆ ಹತ್ತು ನಿಮಿಷಕ್ಕೇ ತಟ್ಟೆ ಎತ್ತಿದ.

ಮನೆಯೆಲ್ಲ ಘಮಘಮ. ಅಪ್ಪ ರೊಟ್ಟಿ ಗಂಟು ಬಿಚ್ಚಿದ, ಮೀನಿನ ಕಡೆ ನೋಡಿದ, ಮತ್ತೆ ರೊಟ್ಟಿಯ ಕಡೆ ನೋಡಿದ. ಕೊನೆಗೆ, "ಬೇಯಿಸಿದ್ದು ನಾನು. ನನ್ನ ಕೈಯಡಿಗೆ ನಾನು ತಿನ್ನಲ್ಲ ಅಂತ ಎಲ್ಲೂ ಹೇಳಿಲ್ಲ" ಎಂದು ಗೋಡೆಗೆ ಹೇಳಿ ಒಂದು ಮೀನು ಎತ್ತಿಕೊಂಡ. ತುರುವನೂರಿನ ನಾಲ್ಕು ಜನ ಈ ವಾದ ಒಪ್ಪುತ್ತಿದ್ದರೋ ಇಲ್ಲವೋ, ನಾನಂತೂ ಒಪ್ಪಿದೆ.

ಒಂದು ಮುಗಿಯಿತು. ಎರಡನೆಯದೂ ಮುಗಿಯಿತು. ಆಮೇಲೆ ನನ್ನನ್ನು ದಾಟಿ ಅವಳ ಮುಖ ನೋಡಿ, "ಹುಳಿ, ಖಾರ ಹದವಾಗೈತೆ ಕಣವ್ವ. ಇನ್ನೊಂದು ಹಾಕು" ಎಂದ.

ಅವಳು ತನ್ನ ಪಾಲಿನದನ್ನೂ ನನ್ನ ಪಾಲಿನದನ್ನೂ ಒಟ್ಟಿಗೇ ಅವನ ತಟ್ಟೆಗೆ ಹಾಕಿಬಿಟ್ಟಳು. ಅವತ್ತು ನಾವಿಬ್ಬರೂ ಬರೀ ಮಜ್ಜಿಗೆ ಅನ್ನ ಉಂಡೆವು, ಹೊಟ್ಟೆ ತುಂಬ.